ಮೈಬಿಸಿಯಲ್ಲಿಟ್ಟ ಬಾಟಲಿಗಳು

ನಮ್ಮೂರಿನಲ್ಲಿ ಯಾರೂ ಯಾರನ್ನೂ ಸುಮ್ಮಸುಮ್ಮನೆ ಏನನ್ನೂ ಕೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಸೂರ್ಯ ಮುಳುಗುವುದರೊಳಗೆ ಉತ್ತರ ಸಿಗದಿದ್ದರೆ, ಯಾವುದರ ಬಗ್ಗೆ ಕೇಳಿದ್ದೋ ಅದು ಇರುವ ಸೂರಿನಡಿ ದೀಪ ಉರಿಯುವುದಿಲ್ಲ, ಒಲೆ ಹೊತ್ತುವುದಿಲ್ಲ, ಕರೆಂಟೂ ಕೈಕೊಡುತ್ತದೆ. ಉತ್ತರ ಬರುವವರೆಗೆ ಕತ್ತಲೆಯೇ ಗತಿ. 'ಗೊತ್ತಿಲ್ಲ' ಎಂದರೆ ಅದು ಉತ್ತರವಲ್ಲ. ಸುಳ್ಳು ನಡೆಯುತ್ತದೆ. ದೀಪಕ್ಕೆ ಉತ್ತರ ಸಾಕು, ನಿಜವೇ ಆಗಬೇಕೆಂದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಆದರೆ ಹೇಳಿದ ಮೇಲೆ ಹೇಳಿದ ಹಾಗೆಯೇ ನಡೆದುಕೊಳ್ಳಬೇಕು. ಬಾಯಲ್ಲೊಂದು ಹೇಳಿ ಕೈಯಲ್ಲೊಂದು ಮಾಡಿದರೆ ಹೊತ್ತಿದ ದೀಪ ಮತ್ತೆ ಆರುತ್ತದೆ.

ಹೀಗಾಗಿ ಅಂಗಡಿಗೆ ಹೋದವರು "ಬೆಲ್ಲ ಬಂದಿರಬಹುದು" ಎಂದು ಗಾಳಿಗೆ ಹೇಳಿದ ಹಾಗೆ ಹೇಳಿ ನಿಲ್ಲುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಏಳೆಂಟ್ಲ ಎಂದು ಬಾಯಿ ಮುಚ್ಚಿದರೆ ಮಕ್ಕಳು ಐವತ್ತಾರು ಎಂದು ಮುಗಿಸುತ್ತವೆ. ಗಂಡ ತಡವಾಗಿ ಬಂದರೆ ಹೆಂಡತಿ "ಬಸ್ಸು ಕೆಟ್ಟು ನಿಂತಿತ್ತು ಅಂತ ಕಾಣುತ್ತೆ" ಎಂದು ಅವನ ಮುಖವನ್ನೇ ನೋಡುತ್ತಾಳೆ. ಆ ನೋಟಕ್ಕಿಂತ ಪ್ರಶ್ನೆಯೇ ವಾಸಿ ಎಂದು ಗಂಡಸರು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದುಂಟು.

ಇಂಥ ಊರಿನ ಆಸ್ಪತ್ರೆಯ ಹಿಂದೆ, ಬೇರೆಯೇ ಒಂದು ಸಣ್ಣ ಕಟ್ಟಡದಲ್ಲಿ, ನಾನು ಲ್ಯಾಬ್ ನಡೆಸುತ್ತೇನೆ. ಕಾಯುವುದೇ ನನ್ನ ಕೆಲಸ. ಮೈಯಿಂದ ತೆಗೆದ ನೀರು, ಕೀವು, ಚೂರುಗಳನ್ನು ಬಾಟಲಿಗೆ ಹಾಕಿ, ಮೈಯಷ್ಟೇ ಬೆಚ್ಚಗಿರುವ ಬಿಸಿಪೆಟ್ಟಿಗೆಯಲ್ಲಿಟ್ಟು, ಅದರಲ್ಲಿ ರೋಗದ ಜೀವಿ ಬೆಳೆಯುತ್ತದೋ ಇಲ್ಲವೋ ನೋಡುವುದು. ಬಾಗಿಲ ಮೇಲೆ 'ಹೇಳಿ, ಕೇಳಬೇಡಿ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದೇನೆ. ಜನ ಬಂದು "ರಕ್ತ ಕೊಟ್ಟು ಬಹಳ ದಿನ ಆದಂಗಿದೆ" ಎಂದು ಹೇಳಿ ಚಪ್ಪಲಿ ನೋಡಿಕೊಳ್ಳುತ್ತಾ ನಿಲ್ಲುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಅದೂ ಒಂದು ರೀತಿಯಲ್ಲಿ ಅನುಕೂಲವೇ.

ಅಮ್ಮಣ್ಣಕ್ಕನ ಕಸುಬು ನನ್ನದಕ್ಕೆ ಪೂರಾ ಉಲ್ಟಾ. ಆಕೆ ಸಂಜೆಯ ಉತ್ತರದವಳು. ಹೊತ್ತು ಇಳಿಯುವ ಸಮಯಕ್ಕೆ ಬೀದಿಬೀದಿ ನಡೆದು, ಪ್ರಶ್ನೆ ಸಿಕ್ಕಿಕೊಂಡ ಮನೆಗಳಿಗೆ ಹೋಗಿ ಉತ್ತರ ಕೊಟ್ಟು ದೀಪ ಉಳಿಸುವವಳು. ಉತ್ತರ ಯಾರು ಕೊಟ್ಟರೂ ನಡೆಯುತ್ತದೆ. ಕಳೆದುಹೋದ ಓಲೆ ಎಲ್ಲಿ ಎಂದು ಒಬ್ಬ ಸೊಸೆ ಬಾಯಿ ತಪ್ಪಿ ಕೇಳಿದ್ದರೆ, ಅಮ್ಮಣ್ಣಕ್ಕ ಹೊಸಿಲಲ್ಲೇ ನಿಂತು "ಬಚ್ಚಲು ಮೋರೀಲಿ ಹೋಯ್ತು" ಎನ್ನುತ್ತಾಳೆ. ಅಷ್ಟೇ. ದೀಪ ಹತ್ತುತ್ತದೆ, ಓಲೆಯ ಆಸೆ ಬಿಟ್ಟು ಎಲ್ಲರೂ ಊಟಕ್ಕೆ ಕೂರುತ್ತಾರೆ. ಆಕೆ ಎಂದೂ ಯೋಚಿಸಿ ಉತ್ತರ ಹೇಳಿದ್ದನ್ನು ನಾನು ಕಂಡಿಲ್ಲ. ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆದು, ಕೆಲವು ವರ್ಷಗಳ ಹಿಂದೆ ಬಲಗಾಲಿಗೆ ಲೋಹದ ಮಂಡಿ ಹಾಕಿಸಿಕೊಂಡಿದ್ದಳು. ಮತ್ತೆ ಬೀದಿಗಿಳಿದಿದ್ದಳು.

ಈಗ ಆ ಮಂಡಿ ನೋಯತೊಡಗಿತ್ತು. ಜ್ವರವಿಲ್ಲ, ಕೆಂಪಗಾಗಿಲ್ಲ, ಮುಟ್ಟಿದರೆ ಸ್ವಲ್ಪ ಬೆಚ್ಚಗೆ, ಅಷ್ಟೆ. ಎಕ್ಸ್‌ರೇಯಲ್ಲಿ ಲೋಹ ಮೂಳೆಯಿಂದ ಕೂದಲೆಳೆಯಷ್ಟು ಸಡಿಲವಾದ ಹಾಗೆ ಕಂಡಿತು. ಸರ್ಜನ್ ಉತ್ತಪ್ಪನವರು ನನ್ನೆದುರು ಕೂತು ಎರಡು ಮಾತು ಹೇಳಿದರು. ಬರೀ ಸವೆದು ಸಡಿಲವಾಗಿದ್ದರೆ ಒಂದೇ ಆಪರೇಷನ್ನಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ ಕಳಿಸಬಹುದು. ಒಳಗೆ ಸೋಂಕಿದ್ದರೆ ಹಾಗೆ ಮಾಡುವಂತಿಲ್ಲ. ಲೋಹಕ್ಕೆ ಪಾಚಿಯ ಹಾಗೆ ಅಂಟಿಕೊಂಡ ಜೀವಿ ಹೊಸ ಲೋಹಕ್ಕೂ ಹತ್ತಿಕೊಳ್ಳುತ್ತದೆ. ಆಗ ಎಲ್ಲವನ್ನೂ ಕಿತ್ತು, ಔಷಧಿ ಬೆರೆಸಿದ ಸಿಮೆಂಟಿನ ತುಂಡನ್ನು ಮಂಡಿಯ ಜಾಗದಲ್ಲಿಟ್ಟು, ತಿಂಗಳುಗಟ್ಟಲೆ ಮಲಗಿಸಿ, ಆಮೇಲೆ ಹೊಸದು. ಸೋಂಕಿಲ್ಲದವಳಿಗೆ ಸುಮ್ಮನೆ ಹಾಗೆ ಮಾಡಿದರೆ ಅವಳ ಮೂಳೆ ಇನ್ನೊಂದು ಮಂಡಿಯನ್ನು ತಡೆದುಕೊಳ್ಳಲಾರದು, ಅಷ್ಟು ತೆಳ್ಳಗಾಗಿದೆ. ಸೋಂಕಿದ್ದವಳಿಗೆ ಇಲ್ಲವೆಂದು ಹೊಸದು ಕೂರಿಸಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ವರ್ಷ ಡ್ರಿಲ್ ಮೇಷ್ಟ್ರ ಮಂಡಿಯ ಬಗ್ಗೆ ಯಾರೋ ಅವಸರದಲ್ಲಿ ಸೋಂಕಿಲ್ಲ ಎಂದು ಉತ್ತರ ಹೇಳಿಬಿಟ್ಟಿದ್ದರು. ಅವರ ಕಾಲನ್ನು ತೊಡೆಯಿಂದ ತೆಗೆಯಬೇಕಾಯಿತು.

ಮೆಡಿಕಲ್ ಸ್ಟೋರಿನಿಂದ ಅವಳ ಗಂಡ ತಂದುಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ಮೊದಲು ನಿಲ್ಲಿಸಿದೆವು. ಮಾತ್ರೆ ಮೈಯಲ್ಲಿರುವಾಗ ನೀರು ತೆಗೆದರೆ ಜೀವಿ ಇದ್ದರೂ ಬೆಳೆಯದೆ ಮೋಸ ಮಾಡುತ್ತದೆ. ಅದು ಇಳಿಯುವವರೆಗೆ ಕಾದು ಮಂಡಿಗೆ ಸೂಜಿ ಹಾಕಿದೆವು. ಬಂದ ನೀರಿನಲ್ಲಿ ಬಿಳಿ ರಕ್ತಕಣಗಳನ್ನು ಎಣಿಸಿದೆ. ಇದೆ ಎನ್ನಲು ಕಡಿಮೆ, ಇಲ್ಲ ಎನ್ನಲು ಜಾಸ್ತಿ. ಮೂತ್ರ ಪರೀಕ್ಷೆಯ ಪಟ್ಟಿಯನ್ನೇ ಆ ನೀರಿಗೆ ಅದ್ದಿ ನೋಡುವ ಒಂದು ಉಪಾಯವಿದೆ. ಸೋಂಕಿದ್ದರೆ ಗಾಢ ನೇರಳೆ ಆಗಬೇಕು. ಅದು ತೊಳೆದ ಸೀರೆಯ ಹಾಗೆ ತಿಳಿ ನೇರಳೆಯಾಗಿ ನಿಂತಿತು. ರಕ್ತದ ಪರೀಕ್ಷೆಯೂ ಅತ್ತೆ ಕಡೆಗೂ ಇಲ್ಲ, ಸೊಸೆ ಕಡೆಗೂ ಇಲ್ಲ. ಉಳಿದದ್ದು ಬೆಳೆಸಿ ನೋಡುವುದೊಂದೇ. ಉತ್ತಪ್ಪನವರು ಸಣ್ಣ ತೂತಿನಿಂದ ಮಂಡಿಯ ಒಳಗಿನ ಬೇರೆಬೇರೆ ಜಾಗಗಳಿಂದ ನಾಲ್ಕು ಚೂರು ತೆಗೆದುಕೊಟ್ಟರು. ಅವಕ್ಕೆ ನಾಲ್ಕು ಬಾಟಲಿ, ನೀರಿಗೊಂದು. ಒಟ್ಟು ಐದು. ತಿಳಿಸಾರಿನಂಥ ದ್ರವ ತುಂಬಿ, ಬಿರಡೆ ಬಿಗಿದು, ಪೆಟ್ಟಿಗೆಯಲ್ಲಿಟ್ಟೆ.

ಐದು ಯಾಕೆಂದರೆ, ಈ ಮಂಡಿಗಳಲ್ಲಿ ಅಡಗಿ ಕೂರುವ ಕಳ್ಳ ನಮ್ಮೆಲ್ಲರ ಚರ್ಮದ ಮೇಲೆ ದಿನವೂ ವಾಸ ಮಾಡುವ ಸಾಧು. ಒಂದು ಬಾಟಲಿಯಲ್ಲಿ ಕಂಡರೆ ಅದು ಮಂಡಿಯದೋ, ತೆಗೆಯುವಾಗ ಯಾರದೋ ಕೈಯಿಂದ ಬಿದ್ದದ್ದೋ ಹೇಳಲಾಗುವುದಿಲ್ಲ. ಎರಡರಲ್ಲಾದರೂ ಅದೇ ಜೀವಿ ಸಿಗಬೇಕು. ಮತ್ತೆ ಅದು ಮಹಾ ಸೋಮಾರಿ. ಬೇರೆ ಜೀವಿಗಳು ಎರಡು ದಿನದಲ್ಲಿ ಮುಖ ತೋರಿಸಿದರೆ ಇದಕ್ಕೆ ಎರಡು ವಾರ ಬೇಕು. ಎರಡು ವಾರ ಪೆಟ್ಟಿಗೆಯ ಬಿಸಿ ಒಂದೇ ಸಮ ಇರಬೇಕು.

ಮೊದಲ ವಾರ ಬಾಟಲಿಗಳು ತಿಳಿಯಾಗಿಯೇ ಇದ್ದವು. ಅಮ್ಮಣ್ಣಕ್ಕ ಕೋಲೂರಿಕೊಂಡು ಬಂದು, "ನಿನ್ನ ಮುಖ ನೋಡಿದ್ರೆ ಏನೂ ಇಲ್ಲ ಅನ್ನಿಸ್ತದೆ ಸುಗುಣ" ಎಂದು ಹೇಳಿ ಹೋಗುತ್ತಿದ್ದಳು. ನಾನು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದೆ. ಅವಳ ಗಂಡ ಪಾಪಣ್ಣ ಬರುತ್ತಿರಲಿಲ್ಲ. ಅವನದು ಊರಿಗೆಲ್ಲ ಬನ್ನು ರೊಟ್ಟಿ ಸುಡುವ ಬೇಕರಿ, ಒಲೆ ಬಿಟ್ಟು ಬರುವಂತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ. ಅವನ ಬಾಯಿಂದ ಪ್ರಶ್ನೆ ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ವಾರ ತುಂಬಿದ ದಿನ ಮಧ್ಯಾಹ್ನ ಅವನು ಕೈಗೆ ಮೆತ್ತಿದ ಹಿಟ್ಟಿನ ಸಮೇತ ಲ್ಯಾಬಿನೊಳಗೆ ಬಂದ. ಹಿಂದಿನ ರಾತ್ರಿಯಿಡೀ ಅಮ್ಮಣ್ಣಕ್ಕ ನೋವಿಗೆ ನರಳಿದ್ದಳಂತೆ. ಅದನ್ನು ಹೇಳಿದ. ಅವಳಿಗೆ ಒಂದು ಗುಟುಕು ಕಾಫಿಯೂ ಇಳಿಯಲಿಲ್ಲ ಎಂದೂ ಹೇಳಿದ. ಎಲ್ಲ ಹೇಳಿಕೆಗಳೇ, ಒಂದೂ ತಪ್ಪಿಲ್ಲ. ಆಮೇಲೆ ಪೆಟ್ಟಿಗೆಯ ಬಾಗಿಲಿನ ಮೇಲೆ ಕೈಯಿಟ್ಟು, ಗಾಜಿನೊಳಗೆ ನೋಡುತ್ತಾ, ನಾನು ಏಳುವುದರೊಳಗೆ ಅಂದುಬಿಟ್ಟ.

"ಈ ಬಾಟ್ಲೀಲಿ ಏನಾದ್ರೂ ಐತಾ, ಇಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಪಣ್ಣನೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಹಿಟ್ಟು ಅವನ ಮೀಸೆಗೆ ಮೆತ್ತಿತು. ನನಗೆ ಸಿಟ್ಟು ಬಂತು. ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಬೈದು ಮುಗಿದ ಮೇಲೂ ಪ್ರಶ್ನೆ ಅಲ್ಲೇ ಇತ್ತು. ಸೂರ್ಯ ಮುಳುಗಿದರೆ ಪೆಟ್ಟಿಗೆ ತಣ್ಣಗಾಗುತ್ತದೆ. ಬಾಟಲಿಗಳನ್ನು ಬೇರೆ ಕಡೆ ಒಯ್ದರೆ ಕತ್ತಲೆ ಅವುಗಳ ಹಿಂದೆಯೇ ಬರುತ್ತದೆ. ತಣ್ಣಗಾದ ಬಾಟಲಿಯಲ್ಲಿ ಆ ಸೋಮಾರಿ ಮಲಗಿಬಿಟ್ಟರೆ, ನಾಳೆ ತಿಳಿಯಾಗಿರುವ ಬಾಟಲಿ ನೋಡಿ ಯಾರೂ ಏನನ್ನೂ ಹೇಳುವಂತಿಲ್ಲ.

ಉತ್ತಪ್ಪನವರನ್ನು ಕರೆಸಿದೆ. ಅವರು ಕಿಟಕಿಯ ಬಳಿ ನಿಂತು ಹೊತ್ತನ್ನೇ ನೋಡಿದರು. ಕಣಗಳ ಲೆಕ್ಕ ಕಡಿಮೆ ಇದೆ, ಇಲ್ಲ ಎಂದು ಹೇಳಿಬಿಡೋಣ ಎಂಬುದು ಅವರ ಮೊದಲ ಮಾತು. ಮರುಕ್ಷಣ, ಲೋಹ ಸಡಿಲವಾಗಿದೆ, ಇದೆ ಎನ್ನುವುದೇ ಸುರಕ್ಷಿತ ಎಂದರು. ಆಮೇಲೆ ಡ್ರಿಲ್ ಮೇಷ್ಟ್ರ ಹೆಸರೆತ್ತಿ ಎರಡೂ ಮಾತನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ತಿಳಿದು ಅಮ್ಮಣ್ಣಕ್ಕನೇ ಆಟೋ ಮಾಡಿಕೊಂಡು ಬಂದಳು. ಗಂಡನ ಕಡೆ ಒಮ್ಮೆ ನೋಡಿದಳು. ಬೈಯಲಿಲ್ಲ. ಅವನ ಮೀಸೆಯ ಹಿಟ್ಟನ್ನು ಸೆರಗಿನಲ್ಲಿ ಒರೆಸಿದಳು.

"ಇದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋಬೇಡಿ," ಎಂದಳು. "ದಿನಾ ಸಂಜೆ ನಾನು ಮಾಡೋ ಕೆಲ್ಸಾನೇ ಇದು."

ಅವಳು ಉಸಿರೆಳೆದುಕೊಂಡದ್ದು ಕಂಡಿತು. ನಾನು ಓಡಿಹೋಗಿ ಅವಳ ಬಾಯಿಯ ಮೇಲೆ ಕೈಯಿಟ್ಟು ಒತ್ತಿಹಿಡಿದೆ. ನನ್ನಷ್ಟು ದೊಡ್ಡ ಮಗಳಿರಬಹುದಾದ ಹೆಂಗಸಿನ ಬಾಯಿ ಮುಚ್ಚಿ ಹಿಡಿದಿದ್ದೆ. ಅವಳು ಕೈ ಕಿತ್ತುಹಾಕಲಿಲ್ಲ. ನನ್ನ ಅಂಗೈಗೆ ಅವಳ ಉಸಿರು ಬಿಸಿಯಾಗಿ ತಾಗುತ್ತಿತ್ತು. ಆ ಬಿಸಿಯಿಂದಲೇ ನನಗೆ ಹೊಳೆದದ್ದು. ಬೆಂಕಿ ಆರುತ್ತದೆ, ಕರೆಂಟು ಆರುತ್ತದೆ, ಮೈ ಆರುವುದಿಲ್ಲ. ಪೆಟ್ಟಿಗೆಯ ಬಿಸಿಯೂ ಮೈಯ ಬಿಸಿಯೂ ಒಂದೇ.

ಕೈ ತೆಗೆದು ಹೇಳಿದೆ. "ಅಮ್ಮಣ್ಣಕ್ಕ, ಓಲೆ ಹೋದ್ರೆ ಹೋಯ್ತು. ಇದು ನಿನ್ನ ಕಾಲು. ಬಾಟ್ಲಿಗಳನ್ನ ನಮ್ಮ ಮೈಬಿಸೀಲೇ ಇಟ್ಕೊಳ್ಳೋಣ. ಒಂದು ವಾರ ಬಾಯಿ ಮುಚ್ಕೊಂಡಿರು."

ಅವಳು ಕೈ ನೀಡಿದಳು, ಬಾಟಲಿಗಾಗಿ.

ಎರಡನ್ನು ನಾನು ಕಟ್ಟಿಕೊಂಡೆ, ರವಿಕೆಯೊಳಗೆ ಎಡಬಲ ಕಂಕುಳಿಗೆ. ಒಂದು ಉತ್ತಪ್ಪನವರ ಹೊಟ್ಟೆಗೆ ಬ್ಯಾಂಡೇಜಿನಲ್ಲಿ ಸುತ್ತಿದೆವು. ಒಂದು ಅಮ್ಮಣ್ಣಕ್ಕನಿಗೆ. ಕೊನೆಯದನ್ನು ನಾನು ಪಾಪಣ್ಣನಿಗೆ ಕೊಡಲು ಹಿಂದೆಮುಂದೆ ನೋಡಿದೆ. ಅವನು ತಾನಾಗಿ ಅಂಗಿಯ ಗುಂಡಿ ಬಿಚ್ಚಿ ನಿಂತ. ಬಾಟಲಿ ಅವನ ಮೈಮೇಲಿದ್ದಷ್ಟು ದಿನ ಬೇಕರಿಯ ಒಲೆ ಹೊತ್ತುವುದಿಲ್ಲ ಎಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ. ಸೂರ್ಯ ಆಸ್ಪತ್ರೆಯ ನೀರಿನ ಟ್ಯಾಂಕಿನ ಹಿಂದೆ ಇಳಿದ. ಪೆಟ್ಟಿಗೆಯ ಗುಂಯ್‌ಗುಡುವಿಕೆ ನಿಂತಿತು. ಅಷ್ಟು ವರ್ಷ ಅದರ ಸದ್ದು ಇತ್ತೆಂಬುದೇ ನನಗೆ ಮರೆತಿತ್ತು.

ಅಂದಿನಿಂದ ನಾವು ನಾಲ್ವರೂ ಕತ್ತಲೆಯನ್ನು ಹೊತ್ತುಕೊಂಡು ತಿರುಗುವವರಾದೆವು. ಉತ್ತಪ್ಪನವರು ಆಪರೇಷನ್ ಥಿಯೇಟರಿಗೆ ಕಾಲಿಡುವಂತಿರಲಿಲ್ಲ. ಅವರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ರೋಗಿಗಳನ್ನು ನೋಡಿದರು. ನಾನು ಯಾರ ಮನೆಗೂ ಹೋಗಲಿಲ್ಲ. ಅವಲಕ್ಕಿ ನೆನೆಸಿಕೊಂಡು ತಿಂದೆ. ಮಗ್ಗುಲು ಬದಲಾಯಿಸಲು ಹೆದರಿ ಅಂಗಾತ ಮಲಗಿದೆ. ಬಾಟಲಿ ಒಡೆದರೆ, ಬಿರಡೆ ಸಡಿಲವಾದರೆ, ಜ್ವರ ಬಂದರೆ ಎಂದು ದಿನವಿಡೀ ಒಂದೇ ಹೆದರಿಕೆ. ಊರಿಗೆ ಬನ್ನು ಸಿಗಲಿಲ್ಲ. ಮೊದಲ ದಿನ ಜನ ಸುಮ್ಮನಿದ್ದರು. ಮೂರನೆಯ ದಿನದ ಹೊತ್ತಿಗೆ ಬೇಕರಿಯ ಮುಂದೆ ನಿಂತು, ಒಬ್ಬರ ಕಾಲಿಗೆ ಊರೆಲ್ಲ ಉಪವಾಸ ಕೂರಬೇಕಾಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ಸಂಜೆಯ ಉತ್ತರಕ್ಕೂ ಅಮ್ಮಣ್ಣಕ್ಕ ಇಲ್ಲ. ಆಕೆ ಹೊರಗೆ ಬಂದರೆ ಹೋದ ಮನೆಯ ದೀಪವೇ ಆರುತ್ತದೆ. ಆ ವಾರ ಬೀದಿಗಳಲ್ಲಿ ಅಲ್ಲಲ್ಲಿ ಕಪ್ಪು ಮನೆಗಳು ಕಾಣುತ್ತಿದ್ದವು. ಆಕೆಯ ಬಾಗಿಲಿಗೆ ಬಂದು, ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಹೋಗುವವರು ಹೆಚ್ಚಾದರು.

ಒಂದು ಬೆಳಿಗ್ಗೆ ಪಾಪಣ್ಣ ಲ್ಯಾಬಿನ ಅಂಗಳಕ್ಕೆ ಬಂದು ಏದುಸಿರು ಬಿಡುತ್ತಾ ನಿಂತ. ಅಂಗಿಯೊಳಗಿನಿಂದ ಬಾಟಲಿ ತೆಗೆದು ಬಿಸಿಲಿಗೆ ಹಿಡಿದ. ಅವನ ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ತಿಳಿಯಾಗಿದ್ದ ದ್ರವದ ತಳದಲ್ಲಿ ಮಜ್ಜಿಗೆಯ ಹನಿ ಬಿದ್ದ ಹಾಗೆ ಒಂದು ಮಬ್ಬು.

ಹನಿ ತೆಗೆದು ಗಾಜಿನ ಮೇಲೆ ಸವರಿದೆ. ಅದನ್ನು ದೀಪದ ಮೇಲೆ ಹಿಡಿದು ಒಣಗಿಸಬೇಕು, ದೀಪವಿಲ್ಲ. ಸ್ಪಿರಿಟ್ ಹಾಕಿ ಬಿಸಿಲಿಗಿಟ್ಟೆ. ಬಣ್ಣ ಹಾಕಿ ತೊಳೆದು, ಹಳೆಯ ಕನ್ನಡಿಯ ಮೈಕ್ರೋಸ್ಕೋಪನ್ನು ಕಿಟಕಿಗೆ ತಿರುಗಿಸಿ ನೋಡಿದೆ. ಅಡ್ಡಾದಿಡ್ಡಿ ಬಿದ್ದ ಕಡ್ಡಿಚೂರುಗಳ ಹಾಗೆ ನೇರಳೆ ಕಡ್ಡಿಗಳು. ಅದೇ ಸೋಮಾರಿ. ಉತ್ತಪ್ಪನವರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಮುಗಿಯಿತು, ಇದೆ ಎಂದು ಹೇಳಿಬಿಡೋಣ ಎಂದರು. ಅವರ ದನಿಯಲ್ಲಿ ಸುಸ್ತಿತ್ತು. ನನಗೂ ಇತ್ತು. ಆದರೆ ಉಳಿದ ನಾಲ್ಕೂ ತಿಳಿಯಾಗಿಯೇ ಇದ್ದವು. ಒಂದು ಬಾಟಲಿಯ ಸಾಕ್ಷಿ ಸಾಕ್ಷಿಯಲ್ಲ. ಚೂರು ತೆಗೆಯುವಾಗ ಯಾರದೋ ಬೆರಳಿನಿಂದ ಬಿದ್ದದ್ದಿರಬಹುದು. ಕಾಯಬೇಕು ಎಂದೆ. ಉತ್ತಪ್ಪನವರು ಮರದ ಕೆಳಗೆ ಹೋಗಿ ಕೂತರು.

ಮರುದಿನವೂ ಏನಿಲ್ಲ. ಅದರ ಮರುದಿನವೂ ಏನಿಲ್ಲ. ಎರಡು ವಾರ ತುಂಬಲು ಒಂದೇ ದಿನ ಉಳಿದಿತ್ತು. ಅಂದು ಸಂಜೆ ನಾನು ಅಮ್ಮಣ್ಣಕ್ಕನ ಮನೆಗೆ ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ಯಾರೂ ಕೂಗುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಸುಮ್ಮನೆ ನಿಂತಿದ್ದರು. ಬೈಗುಳಕ್ಕಿಂತ ಅದು ಕಷ್ಟವಾಗಿತ್ತು. ಒಳಗೆ ಅವಳು ಮಂಚದ ಮೇಲೆ ಕಾಲು ಚಾಚಿ, ಎದೆಯ ಕೆಳಗೆ ಎರಡೂ ಕೈ ಒತ್ತಿ ಹಿಡಿದು ಮಲಗಿದ್ದಳು. ನೋವಿಗೆ ಮುಖ ಬಾಡಿ ಚಿಕ್ಕದಾಗಿತ್ತು.

"ಸುಗುಣ, ನೀನು ಆಚೆ ಹೋಗು," ಎಂದಳು. "ನಾನು ಹೇಳ್ಬಿಡ್ತೀನಿ. ಜನ ಕಾಯ್ತಾವ್ರೆ. ನಲವತ್ತು ವರ್ಷ ಈ ಊರ ದೀಪ ಆರೋಕೆ ಬಿಟ್ಟವಳಲ್ಲ ನಾನು. ಈಗ ನನ್ನಿಂದಲೇ ಕತ್ಲೆ."

ಅವಳ ಬಾಯಿಗೆ ಈ ಸಲ ಕೈ ಅಡ್ಡ ಇಡಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಹೇಳುವುದಾದರೆ ಹೇಳು, ಆದರೆ ಯಾವುದನ್ನು ಹೇಳುತ್ತೀಯೆಂದು ನೀನೇ ಒಮ್ಮೆ ಯೋಚಿಸಿ ನೋಡು ಎಂದೆ. ಅವಳು ಬಾಯಿ ತೆರೆದಳು. ಓಲೆ ಮೋರಿಗೆ ಹೋಯಿತೆಂದು ಹೇಳಿದ ನಾಲಗೆಗೆ ಇದೆ ಇಲ್ಲ ಎರಡರಲ್ಲಿ ಒಂದೂ ಸಿಗಲಿಲ್ಲ. ಆಗ ಪಾಪಣ್ಣ ಎದ್ದು ಹೊರಗೆ ಹೋಗಿ ಬಾಗಿಲೆಳೆದುಕೊಂಡು, ಜನರಿಗೆ ಬೆನ್ನು ಕೊಟ್ಟು, ಹೊಸಿಲ ಮೇಲೆ ಕೂತ. ಜನ ಒಬ್ಬೊಬ್ಬರಾಗಿ ಕರಗಿದರು. ನಾನು ಅವಳ ಮಂಚದ ಕೆಳಗೆ ಚಾಪೆ ಹಾಸಿಕೊಂಡೆ.

ಬೆಳಕು ಹರಿದ ಮೇಲೆ ನನ್ನ ಎರಡು ಬಾಟಲಿಗಳನ್ನು ಕಿಟಕಿಗೆ ಹಿಡಿದೆ. ಎರಡೂ ತಿಳಿ. ಉತ್ತಪ್ಪನವರು ಬಂದು ತಮ್ಮದನ್ನು ತೋರಿಸಿದರು. ಅದೂ ತಿಳಿ. ಅಮ್ಮಣ್ಣಕ್ಕ ತನ್ನದನ್ನು ಕೊಡಲು ತಡಮಾಡಿದಳು. ಕೊನೆಗೆ ಸೆರಗಿನೊಳಗಿನಿಂದ ತೆಗೆದು, ತಾನೇ ಮೊದಲು ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಮಜ್ಜಿಗೆಯ ಹನಿ.

ಲ್ಯಾಬಿಗೆ ಓಡಿದೆ. ಸವರಿ, ಒಣಗಿಸಿ, ಬಣ್ಣ ಹಾಕಿ ನೋಡಿದೆ. ಅದೇ ಕಡ್ಡಿಗಳು, ಅದೇ ಅಡ್ಡಾದಿಡ್ಡಿ. ಎರಡು ಬೇರೆ ಜಾಗದ ಚೂರು, ಎರಡು ಬೇರೆ ಮೈ, ಒಂದೇ ಜೀವಿ. ವಾಪಸು ಬಂದು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ತಿಂಗಳುಗಟ್ಟಲೆ ಮಲಗಬೇಕೆಂಬುದನ್ನೂ ಸೇರಿಸಿ. ಉತ್ತರ ಮಾತ್ರ ನಾನು ಹೇಳಲಿಲ್ಲ. ಅದು ಅವಳ ಕಸುಬು. ಅವಳು ಗಂಡನ ಕಡೆ ತಿರುಗಿದಳು.

"ಐತೆ ಕಣಪ್ಪ," ಎಂದಳು. "ನೀನು ಕೇಳಿದ್ದಕ್ಕೆ ಉತ್ತರ. ಐತೆ."

ಹಗಲಾಗಿದ್ದರಿಂದ ದೀಪ ಹತ್ತಿದ್ದು ಗೊತ್ತಾಗಲಿಲ್ಲ. ಪಾಪಣ್ಣ ಅಡುಗೆಮನೆಗೆ ಹೋಗಿ ಕಡ್ಡಿ ಗೀರಿದ. ಅದು ಹೊತ್ತಿಕೊಂಡಿತು. ಅವನು ಅದನ್ನು ಬೆರಳು ಸುಡುವವರೆಗೆ ಹಿಡಿದುಕೊಂಡೇ ನಿಂತಿದ್ದ.

ಆಪರೇಷನ್ನಿನಲ್ಲಿ ತೆಗೆದ ಲೋಹದ ಮಂಡಿಯನ್ನು ಉತ್ತಪ್ಪನವರು ಡಬ್ಬಿಯಲ್ಲಿ ಹಾಕಿ ನನಗೆ ಕಳಿಸಿದರು. ಅದನ್ನು ನೀರಿನಲ್ಲಿ ಮುಳುಗಿಸಿ, ಕಿವಿಗೆ ಕೇಳದ ಸದ್ದಿನಿಂದ ನಡುಗಿಸುವ ಯಂತ್ರ ನನ್ನಲ್ಲಿದೆ. ಅಂಟಿಕೊಂಡ ಪಾಚಿ ಕಳಚಿ ನೀರಿಗೆ ಬೀಳುತ್ತದೆ. ಆ ನೀರಿನಿಂದ ಅದೇ ಜೀವಿ ತಟ್ಟೆಯ ತುಂಬ ಬೆಳೆಯಿತು. ಹೊಸ ಮಂಡಿಯನ್ನು ಅವತ್ತೇ ಕೂರಿಸಿದ್ದರೆ ಏನಾಗುತ್ತಿತ್ತೆಂದು ಅದನ್ನು ನೋಡಿದ ಯಾರಿಗೂ ಹೇಳಬೇಕಾಗಿರಲಿಲ್ಲ.

ಕೆಲವು ವಾರಗಳ ನಂತರ ಒಂದು ಸಂಜೆ ವಾರ್ಡಿಗೆ ಹೋದೆ. ಅಮ್ಮಣ್ಣಕ್ಕ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಮಂಡಿಯಲ್ಲಿ ಸಿಮೆಂಟಿನ ತುಂಡು, ಕೈಯಲ್ಲಿ ಗಂಡ ತಂದ ಬನ್ನು. ಪಾಪಣ್ಣ ಸ್ಟೂಲಿನ ಮೇಲಿದ್ದ. ಹೊತ್ತು ಇಳಿಯುತ್ತಿತ್ತು. ನೋವು ಕಡಿಮೆ ಆದಂಗಿದೆ ಎಂದು ಹೇಳಬೇಕೆಂದು ಬಾಯಿ ತೆರೆದವಳು, ಆ ಮಾತು ಸಾಲದೆನ್ನಿಸಿ ನಿಲ್ಲಿಸಿದೆ. ಬುದ್ಧಿ ಬಂದಾಗಿನಿಂದ ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ.

"ನೋಯ್ತಾ ಇದೆಯಾ ಅಮ್ಮಣ್ಣಕ್ಕ?"

ನರ್ಸು ಕೈಯಲ್ಲಿದ್ದ ಟ್ರೇ ಹಿಡಿದುಕೊಂಡೇ ನಿಂತಳು. ಉತ್ತರ ತಡವಾದರೆ ಇಡೀ ವಾರ್ಡಿಗೆ ಕತ್ತಲೆ. ಎಲ್ಲರೂ ಅವಳನ್ನೇ ನೋಡಿದರು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಎಸೆಯುವವಳನ್ನು. ಅವಳು ಕಿಟಕಿಯಾಚೆ ನೀರಿನ ಟ್ಯಾಂಕಿನ ನೆತ್ತಿಯ ಮೇಲಿದ್ದ ಸೂರ್ಯನನ್ನು ನೋಡಿದಳು.

"ಇರು," ಎಂದಳು. "ಇನ್ನೂ ಹೊತ್ತಿದೆ. ಯೋಚ್ನೆ ಮಾಡಿ ಹೇಳ್ತೀನಿ."

ಬನ್ನು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಮಂಡಿಯ ಮೇಲೆ ಅಂಗೈ ಊರಿ ಕೂತಳು. ಒಳಗಿನ ಸದ್ದಿಗೆ ಕಿವಿಗೊಟ್ಟ ಹಾಗೆ ಅವಳ ಹುಬ್ಬು ಕೂಡಿಕೊಂಡಿತು. ಸೂರ್ಯ ಟ್ಯಾಂಕಿಗೆ ತಾಗಿದ, ಅರ್ಧ ಇಳಿದ. ಪಾಪಣ್ಣ ಅವಳ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡಿದ್ದ. ಯಾರೂ ಅವಸರಿಸಲಿಲ್ಲ. ಕೆಂಪು ಅಂಚು ಒಂದಿಷ್ಟು ಉಳಿದಿರುವಾಗ ಅವಳು ಕಣ್ಣು ತೆರೆದಳು.

"ನೋಯ್ತದೆ ಸುಗುಣ," ಎಂದಳು. "ಆದ್ರೆ ಆ ನೋವಲ್ಲ ಇದು."

ನರ್ಸು ಹೋಗಿ ಸ್ವಿಚ್ಚು ಹಾಕಿದಳು. ವಾರ್ಡಿನ ದೀಪಗಳೆಲ್ಲ ಹತ್ತಿಕೊಂಡವು.